'ಇನ್ಫರ್ಮ್ಯಾಟಿಕ್ಸ್'ಗೆ ಏನಂತೀರಿ? ಜೊತೆಗೆ ಒಂದು 'ಕಾಲೇಜಿ'ನ ತಲೆನೋವು

ಎಲ್ರಿಗೂ ನಮಸ್ಕಾರ. ಅಮೆರಿಕದ ಮೆಡಿಕಲ್ ಇನ್ಫರ್ಮ್ಯಾಟಿಕ್ಸ್ ಅಸೋಸಿಯೇಷನ್ ಇದೆಯಲ್ಲ, ಎಎಂಐಎ, ಅದು ಹೇಗೆ ಹುಟ್ಟಿ ಬೆಳೀತು ಅಂತ ನರ್ಸಿಂಗ್ ಓದೋ ಮಕ್ಕಳಿಗೆ ಎರಡು ಪುಟ ಕನ್ನಡದಲ್ಲಿ ಬರ್ಕೊಡ್ತೀನಿ ಅಂತ ಒಪ್ಕೊಂಡ್ಬಿಟ್ಟೆ, ಈಗ ಮೊದಲನೇ ಸಾಲಲ್ಲೇ ಸಿಕ್ಕಾಕೊಂಡು ಕೂತಿದೀನಿ.

ಇನ್ಫರ್ಮ್ಯಾಟಿಕ್ಸ್, ಅಂದ್ರೆ ಮಾಹಿತೀನ ಕಂಪ್ಯೂಟರಲ್ಲಿ ಅಚ್ಚುಕಟ್ಟಾಗಿ ಜೋಡಿಸಿ ಬಳಸೋ ವಿದ್ಯೆ, ಅದಕ್ಕೆ ಏನನ್ನೋಣ? 'ಮಾಹಿತಿ ತಂತ್ರಜ್ಞಾನ' ಅಂದ್ರೆ ಐಟಿ, ವೈಟ್‌ಫೀಲ್ಡು, ಕ್ಯಾಬು. 'ಮಾಹಿತಿ ವಿಜ್ಞಾನ'ಕ್ಕೆ ಲೈಬ್ರರಿಯವರು ಆಗ್ಲೇ ಟವೆಲ್ ಹಾಕಿದಾರೆ, ನಮ್ಮ ಯೂನಿವರ್ಸಿಟಿಗಳಲ್ಲಿ 'ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ' ಅಂತಾನೇ ವಿಭಾಗ ಇದೆ. ಹಿಂದಿಯವರು ಎನ್‌ಐಸಿಗೆ (ಸರ್ಕಾರದ ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್) 'ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ' ಅಂತಾರೆ, ಅದನ್ನ ಹಾಗೇ ಎತ್ತಿ ಇಟ್ರೆ ಕೆಟ್ಟೋಗತ್ತೆ, ಯಾಕಂದ್ರೆ ಅವರ ಸೂಚನಾ ನಮ್ಮ ಮಾಹಿತಿ, ನಮ್ಮ ಸೂಚನೆ ಅಂದ್ರೆ 'ಚಪ್ಪಲಿ ಹೊರಗೆ ಬಿಡಿ' ಅಂತ ಬೋರ್ಡ್ ಇರತ್ತಲ್ಲ ಅದು. 'ಮಾಹಿತಿಶಾಸ್ತ್ರ' ನನಗೇನೋ ಹಿಡಿಸ್ತು, ಮನೇಲಿ ಹೇಳಿದ್ರೆ "ಶಾಸ್ತ್ರ ಕೇಳೋಕೆ ಆಸ್ಪತ್ರೆಗ್ಯಾಕೆ ಹೋಗ್ಬೇಕು" ಅಂದ್ರು.

ಫ್ರೆಂಚರು 1962ರಲ್ಲಿ 'ಎನ್‌ಫೋರ್ಮಾತೀಕ್' ಅಂತ ಪದ ಕಟ್ಟಿದಾಗ ಮಾಹಿತಿ ಅನ್ನೋದರ ಜೊತೆ 'ಆಟೋಮ್ಯಾಟಿಕ್' ಅನ್ನೋದರ ಬಾಲಾನೂ ಅಂಟಿಸಿದ್ರು, ಅಂದ್ರೆ ಮಾಹಿತಿ ತನ್ನಷ್ಟಕ್ಕೆ ಸರಿಯಾದ ಜಾಗಕ್ಕೆ ಹೋಗಿ ಕೂತ್ಕೊಳ್ಳೋ ಹಾಗೆ ಮಾಡೋದು. ನಮ್ಮ ಯಾವ ಪದದಲ್ಲೂ ಆ ಬಾಲ ಇಲ್ಲ.

ಇದೇನು ಅಷ್ಟು ದೊಡ್ಡ ವಿಷಯಾನಾ ಅಂದ್ರೆ, ನಮ್ಮಮ್ಮನ್ನ ಅಡ್ಮಿಟ್ ಮಾಡಿದ್ದು ನೆನಪಾಗತ್ತೆ. ಕೌಂಟರಲ್ಲಿ ಅಮ್ಮ "ಶುಗರ್ ಐತೆ ಕಣವ್ವ" ಅಂದ್ರು, ಆ ಹುಡುಗಿ ಶುಗರ್ ಅಂತ ಹೊಡೆದ್ಲು, ಡ್ಯೂಟಿ ಡಾಕ್ಟ್ರು ಟಿ2ಡಿಎಂ ಅಂತ ಗೀಚಿದ್ರು, ಡಯಟ್ ಚೀಟೀಲಿ ಮಧುಮೇಹ. ಮನುಷ್ಯರಿಗೆ ಮೂರೂ ಒಂದೇ, ಮಷೀನಿಗೆ ಮೂರು ಬೇರೆ ಕಾಯಿಲೆ, ಅದಕ್ಕೇ ಕಾಯಿಲೆಗಳಿಗೆ ಕೋಡು ಕೊಡೋ ಅಂತಾರಾಷ್ಟ್ರೀಯ ಪಟ್ಟಿ ಐಸಿಡಿ-10ರಲ್ಲಿ ಟೈಪ್ 2 ಡಯಾಬಿಟಿಸ್‌ಗೆ ಇ11 ಅಂತ ಒಂದೇ ಕೋಡು. ಸಾಲದ್ದಕ್ಕೆ ಹೆಸರಲ್ಲಿ ಒಂದು ಹೆಚ್ ಜಾಸ್ತಿಯಾಗಿ ಅಮ್ಮನಿಗೆ ಎರಡು ನಂಬರ್ ಹುಟ್ಕೊಂಡಿತ್ತು, ಹಳೇ ಇಸಿಜಿ ಒಂದರಲ್ಲಿ, ಹೊಸ ಬ್ಲಡ್ ರಿಪೋರ್ಟ್ ಇನ್ನೊಂದರಲ್ಲಿ. ಎಂಆರ್‌ಡಿ (ರೋಗಿಗಳ ದಾಖಲೆ ಇಡೋ ವಿಭಾಗ) ಹುಡುಗ ಎರಡು ಫೈಲ್ ಕಂಕುಳಲ್ಲಿಟ್ಕೊಂಡು ಬಂದು "ಮೇಡಂ ಇವನ್ನ ಮರ್ಜ್ ಮಾಡ್ಬೇಕು" ಅಂದ.

ಈ ಮರ್ಜ್ ಎರಡನೇ ಪ್ರಶ್ನೆ. ಎಎಂಐಎ ಹುಟ್ಟಿದ್ದೇ 1980ರ ದಶಕದ ಕೊನೇಲಿ ಮೂರು ಗುಂಪು ಸೇರಿ, ಅದರಲ್ಲೊಂದು 1977ರಿಂದ ವರ್ಷಾವರ್ಷ ಸಮ್ಮೇಳನ ನಡೆಸ್ತಿದ್ದದ್ದು. 'ವಿಲೀನ' ಅಂತ ಬರೆದ್ರೆ ಬ್ಯಾಂಕುಗಳ ಥರ ಒಂದು ಇನ್ನೊಂದನ್ನ ನುಂಗಿದ ಹಾಗೆ ಕೇಳತ್ತೆ, ಇಲ್ಲಿ ಒಳಗೆ ಸೇರಿದ 'ಅಮೆರಿಕನ್ ಕಾಲೇಜ್ ಆಫ್ ಮೆಡಿಕಲ್ ಇನ್ಫರ್ಮ್ಯಾಟಿಕ್ಸ್' ಇವತ್ತಿಗೂ ಆ ಹೆಸರಲ್ಲೇ ಇದೆ. 'ಒಗ್ಗೂಡಿದವು' ಸಾಕಾ?

ಆ ಕಾಲೇಜೇ ಮೂರನೇದು! ಪಾಠ ಇಲ್ಲ, ಫೀಸಿಲ್ಲ, ಕ್ಯಾಂಟೀನೂ ಇಲ್ಲ. ಈ ಕ್ಷೇತ್ರದಲ್ಲಿ ಕೆಲಸ ಮಾಡಿ ಹೆಸರು ಮಾಡಿದವರನ್ನ ಸದಸ್ಯರೇ ಚುನಾಯಿಸಿ 'ಫೆಲೋ' ಮಾಡೋ ಕೂಟ. ಮಹಾವಿದ್ಯಾಲಯ ಅಂತ ಬರೆದ್ರೆ ಮಕ್ಕಳು ಅಡ್ಮಿಷನ್ ಯಾವಾಗ ಅಂತ ಕೇಳ್ತಾರೆ. 'ವಿದ್ವತ್ ಕೂಟ' ಅಂತ ಸದ್ಯಕ್ಕೆ ಹಾಕಿದೀನಿ, ಫೆಲೋಗೆ ಏನೂ ಹೊಳೀಲಿಲ್ಲ.

ಇನ್ನು ಅಸೋಸಿಯೇಷನ್. ಸೊಸೈಟಿ ಅಂದ್ರೆ ನಮ್ಮೂರಲ್ಲಿ ರೇಷನ್ ಅಕ್ಕಿ, ಸಂಘ ಅಂದ್ರೆ ಹೆಂಗಸರು ವಾರ ವಾರ ಕಟ್ಟೋ ಕಂತು, ಪರಿಷತ್ತು ಅಂದ್ರೆ ಮೆಡಿಕಲ್ ಕೌನ್ಸಿಲ್ ಥರ ರಿಜಿಸ್ಟ್ರೇಷನ್ ಕೊಡೋದು, ಇವರು ಆ ಕೆಲಸ ಮಾಡಲ್ಲ. ಆದ್ರೂ 'ಸಂಘ'ಕ್ಕೇ ನನ್ನ ವೋಟು, ನಮ್ಮಲ್ಲೂ 1993ರಲ್ಲಿ ಶುರುವಾದ ಇಂಡಿಯನ್ ಅಸೋಸಿಯೇಷನ್ ಫಾರ್ ಮೆಡಿಕಲ್ ಇನ್ಫರ್ಮ್ಯಾಟಿಕ್ಸ್ ಇದೆ, ಇದೇ ಅಚ್ಚಲ್ಲಿ ಅದಕ್ಕೂ ಕನ್ನಡ ಹೆಸರು ಕೂತ್ಕೊಳತ್ತೆ.

ಆಸ್ಪತ್ರೇಲಿ ಕೆಲಸ ಮಾಡೋರು ಯಾರಾದ್ರೂ ಇದ್ರೆ, ನಿಮ್ಮಲ್ಲಿ ಬಾಯಿಮಾತಲ್ಲಿ ಇದಕ್ಕೆ ಏನಂತೀರೋ ಅದನ್ನೇ ಹೇಳಿ, ಡಿಕ್ಷನರಿ ನಾನೇ ನೋಡ್ಕೋತೀನಿ. ಸೋಮವಾರ ಕೊಡ್ಬೇಕು.