ಬ್ಲೋವರ್ ಸ್ಟಾರ್ಟ್ ಆದ ತಕ್ಷಣ ಡ್ರೈಯರ್ ಟೆಂಪರೇಚರ್ ಕುಣಿಯುತ್ತೆ (ಪಿಟಿ100, ಪಿಎಲ್‌ಸಿ, ವಿಎಫ್‌ಡಿ)

ಕಣದಮನೆ, ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ತೋಟದಲ್ಲಿ ಎಲೆಕ್ಟ್ರಿಕಲ್ ಕೆಲಸ ನೋಡ್ಕೊಳ್ತೀನಿ. ಲ್ಯಾಡರ್ (ಪಿಎಲ್‌ಸಿ, ಅಂದ್ರೆ ಯಂತ್ರ ನಡೆಸೋ ಕಂಟ್ರೋಲರ್‌ನ ಪ್ರೋಗ್ರಾಂ) ಓದೋಕೆ ಬರುತ್ತೆ, ಬರೆಯೋದು ಅಷ್ಟಕ್ಕಷ್ಟೇ.

ನಮ್ಮದು ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ, ಒಳಹೊಟ್ಟು ಇರೋ ಕಾಫಿ ಬೀಜ) ಒಣಗಿಸೋ ಡ್ರಮ್ ಡ್ರೈಯರ್. ಸೌದೆ ಒಲೆ, 10 ಎಚ್‌ಪಿ ಬ್ಲೋವರ್, ಅದಕ್ಕೆ ವಿಎಫ್‌ಡಿ (ಮೋಟಾರ್ ವೇಗ ಬದಲಿಸೋ ಡ್ರೈವ್). ಬಿಸಿಗಾಳಿ ಬರೋ ಡಕ್ಟ್‌ನಲ್ಲಿ ಪಿಟಿ100 (ಕಾವಿಗೆ ತಕ್ಕ ಹಾಗೆ ರೆಸಿಸ್ಟೆನ್ಸ್ ಏರೋ ಸೆನ್ಸರ್) ಇದೆ. ಅಲ್ಲಿಂದ ಪ್ಯಾನಲ್‌ಗೆ ಸುಮಾರು 40 ಮೀಟರ್ ಕೇಬಲ್, ನೇರ ಪಿಎಲ್‌ಸಿಯ ಆರ್‌ಟಿಡಿ ಮಾಡ್ಯೂಲ್‌ಗೆ (ಇಂಥ ಸೆನ್ಸರ್ ಓದೋ ಕಾರ್ಡ್). ಗಾಳಿ 60 ಡಿಗ್ರಿ ದಾಟಿದ್ರೆ ಡ್ಯಾಂಪರ್ (ಬಿಸಿಗಾಳಿ ತಡೆಯೋ ಬಾಗಿಲು) ಮುಚ್ಚಿ ಅಲಾರಂ ಹೊಡೀಬೇಕು ಅಂತ ಸೆಟ್ಟಿಂಗ್.

ವಿಎಫ್‌ಡಿಗೆ ಬರೀ ಪವರ್ ಕೊಟ್ಟು ಸುಮ್ನೆ ಬಿಟ್ರೆ ರೀಡಿಂಗ್ ನಿಂತಿರುತ್ತೆ. ರನ್ ಕೊಟ್ಟು 30 ಹರ್ಟ್ಸ್ ದಾಟಿದ್ರೆ ಸಾಕು, 52ಕ್ಕೂ 66ಕ್ಕೂ ಮಧ್ಯೆ ಕುಣಿಯುತ್ತೆ. ಗಾಜಿನ ಥರ್ಮಾಮೀಟರ್ ಇಟ್ಟು ನೋಡಿದ್ರೆ ಗಾಳಿ 50ರಲ್ಲೇ ಇದೆ. ಪಿಎಲ್‌ಸಿ 60 ಕಂಡ ಕೂಡ್ಲೇ ಡ್ಯಾಂಪರ್ ಮುಚ್ಚುತ್ತೆ.

ಸೆನ್ಸರ್ ಹೊಸದು ಹಾಕಿದ್ದಾಯ್ತು, ಕುಣಿತ ನಿಂತಿಲ್ಲ. ಇನ್ನೊಂದು ವಿಚಿತ್ರ: ಹಳೇ ಸೆನ್ಸರ್‌ನಲ್ಲಿ ಬ್ಲೋವರ್ ನಿಂತಿರುವಾಗ ಥರ್ಮಾಮೀಟರ್‌ಗೆ ಸರಿಯಾಗಿ ತಾಳೆ ಆಗ್ತಿತ್ತು, ಹೊಸದು ಮೂರು ನಾಲ್ಕು ಡಿಗ್ರಿ ಜಾಸ್ತಿ ತೋರಿಸ್ತಿದೆ. ಹೊರಗೆ ಮೋಡ ಕವಿದು ಹನೀತಾ ಇದೆ, ಕಣದಲ್ಲಿ ಹರವೋಕೆ ಆಗಲ್ಲ. ದಯವಿಟ್ಟು ಬೇಗ ಹೇಳಿ.

ಗೋಣಿಕೊಪ್ಪ24ವಿ

ಪ್ರೋಗ್ರಾಂನಲ್ಲಿ ಆವರೇಜ್ ಹಾಕಿಬಿಡಿ ಅಣ್ಣ, ಹತ್ತು ಸ್ಯಾಂಪಲ್ ಸಾಕು. ಅಲ್ಲೀತನಕ ಬೇಕಾದ್ರೆ ಟ್ರಿಪ್ (ಆ 60ರ ಸೆಟ್ಟಿಂಗ್) 75ಕ್ಕೆ ಏರಿಸಿ, ರಾತ್ರಿ ಕಳೆಯುತ್ತೆ.

ಕೂಡಿಗೆ ವೈರ್‌ಮನ್

ಟ್ರಿಪ್ ಮುಟ್ಟಬೇಡಿ. ಅದು ಸೌದೆ ಒಲೆ, ಹೀಟರ್ ಥರ ಸ್ವಿಚ್ ತೆಗೆದ್ರೆ ಆರಲ್ಲ. ರೀಡಿಂಗ್ ಸುಳ್ಳು ಹೇಳ್ತಿರೋವಾಗಲೇ ಕಾವಲು ತೆಗೆದ್ರೆ ಹೇಗೆ? ಪಾರ್ಚ್‌ಮೆಂಟ್ ಕಾವು 45 ದಾಟಿದ್ರೆ ಕಪ್‌ನಲ್ಲಿ ರುಚಿ ಕೆಟ್ಟದ್ದು ಗೊತ್ತಾಗುತ್ತೆ, ಅದಕ್ಕಿಂತ ದೊಡ್ಡದು ಬೆಂಕಿಯ ಭಯ.

ಆವರೇಜ್‌ನಿಂದಲೂ ಪ್ರಯೋಜನ ಇಲ್ಲ. 52ರಿಂದ 66 ಅಂದ್ರೆ ಸರಾಸರಿ 59. ನಿಜ 50. ಕುಣಿಯೋ ಸುಳ್ಳಿನ ಬದಲು ನಿಂತ ಸುಳ್ಳು ಸಿಗುತ್ತೆ ಅಷ್ಟೇ.

ಕಣದಮನೆಯವರೇ, ಸೆನ್ಸರ್ ಪಕ್ಕಕ್ಕಿಡಿ. 120 ಓಂನ ಒಂದು ಪರ್ಸೆಂಟ್ ರೆಸಿಸ್ಟರ್ ಒಂದು ತಗೊಳ್ಳಿ. ಪಿಟಿ100 ಲೆಕ್ಕದಲ್ಲಿ 120 ಓಂ ಅಂದ್ರೆ 51.6 ಡಿಗ್ರಿ. ಡಕ್ಟ್ ಹತ್ರ ಸೆನ್ಸರ್ ಹೆಡ್‌ನಲ್ಲಿ (ವೈರ್ ಕಟ್ಟೋ ಡಬ್ಬಿ) ಸೆನ್ಸರ್ ಬಿಚ್ಚಿ ಅದರ ಜಾಗಕ್ಕೆ ಇದನ್ನ ಕಟ್ಟಿ, ಬ್ಲೋವರ್ ನಿಲ್ಲಿಸಿ ಒಮ್ಮೆ, ಓಡಿಸಿ ಒಮ್ಮೆ ನೋಡಿ. ಆಮೇಲೆ ಕೇಬಲ್ ಬಿಚ್ಚಿ ಅದೇ ರೆಸಿಸ್ಟರ್‌ನ ಮಾಡ್ಯೂಲ್ ಟರ್ಮಿನಲ್‌ಗೆ ನೇರ ಕಟ್ಟಿ ನೋಡಿ. ತಪ್ಪು ಸೆನ್ಸರ್‌ನಲ್ಲೋ ಕೇಬಲ್‌ನಲ್ಲೋ ಮಾಡ್ಯೂಲ್‌ನಲ್ಲೋ ಅಂತ ಅಲ್ಲೇ ಇತ್ಯರ್ಥ. ಒಲೆ ಆರಿರುವಾಗ ಮಾಡಿ, ರೆಸಿಸ್ಟರ್ ಕಟ್ಟಿರುವಾಗ ಗಾಳಿಯ ಕಾವಿನ ಮೇಲೆ ಯಾರೂ ಕಣ್ಣಿಟ್ಟಿರಲ್ಲ.

ಮಾಡ್ಯೂಲ್ ಹತ್ರ ಎಷ್ಟು ವೈರ್ ಬಂದಿದೆ, ಶೀಲ್ಡ್ (ಕೇಬಲ್ ಒಳಗೆ ವೈರ್ ಸುತ್ತ ಇರೋ ಲೋಹದ ಹೊದಿಕೆ) ಎಲ್ಲೆಲ್ಲಿ ಕಟ್ಟಿದಾರೆ ಅಂತಲೂ ನೋಡಿ ಹೇಳಿ. ಪ್ಯಾನಲ್ ಒಳಗೆ ಕೈ ಹಾಕೋ ಮುಂಚೆ ಐಸೋಲೇಟರ್ ತೆಗೆದು ಕಾಯಿರಿ. ತ್ರೀ ಫೇಸ್ ವಿಎಫ್‌ಡಿ ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 580 ವೋಲ್ಟ್ ಡಿಸಿ ಇರುತ್ತೆ, ಎಷ್ಟು ಹೊತ್ತು ಕಾಯ್ಬೇಕು ಅಂತ ಡ್ರೈವ್ ಮೇಲೇ ಬರೆದಿರುತ್ತೆ.

ಕಣದಮನೆ, ಸೋಮವಾರಪೇಟೆ

ಮಾಡಿದೆ ಸರ್. ಹೆಡ್‌ನಲ್ಲಿ ರೆಸಿಸ್ಟರ್ ಕಟ್ಟಿ ಬ್ಲೋವರ್ ನಿಂತಿರುವಾಗ 55.2. ಬ್ಲೋವರ್ ಓಡಿಸಿದ್ರೆ ಮತ್ತೆ ಕುಣಿತ. ಮಾಡ್ಯೂಲ್‌ಗೆ ನೇರ ಕಟ್ಟಿದಾಗ 51.6, ಬ್ಲೋವರ್ 45 ಹರ್ಟ್ಸ್‌ನಲ್ಲಿ ಓಡ್ತಿದ್ರೂ ಅಲುಗಾಡಲಿಲ್ಲ.

ಕೇಬಲ್ ಎರಡೇ ಕೋರ್, 1 ಸ್ಕ್ವೇರ್ ಎಂಎಂ. ಮಾಡ್ಯೂಲ್‌ನ ಮೂರನೇ ಟರ್ಮಿನಲ್‌ಗೆ ಪ್ಯಾನಲ್ ಒಳಗೇ ಲಿಂಕ್ ಹಾಕಿದಾರೆ. ಶೀಲ್ಡ್ ಪ್ಯಾನಲ್‌ನಲ್ಲಿ ಅರ್ಥ್‌ಗಿದೆ, ಹೆಡ್‌ನಲ್ಲೂ ಲಗ್ ಹಾಕಿ ಬಾಡಿಗೆ ಬಿಗಿದಿದಾರೆ. ಕೇಬಲ್ ಬಂದಿರೋದು ಮೋಟಾರ್ ಕೇಬಲ್ ಇರೋ ಟ್ರೇನಲ್ಲೇ, ಎರಡನ್ನೂ ಸೇರಿಸಿ ಟೈ ಹಾಕಿದಾರೆ. ಪ್ಯಾನಲ್ ಕಟ್ಟಿಕೊಟ್ಟವರೇ ಎಳೆದದ್ದು.

ಕೂಡಿಗೆ ವೈರ್‌ಮನ್

ಹಾಗಾದ್ರೆ ಮಾಡ್ಯೂಲ್ ಸರಿ ಇದೆ, ಸೆನ್ಸರ್‌ದೂ ತಪ್ಪಿಲ್ಲ. ಕೇಬಲ್‌ನಲ್ಲೇ ಎರಡು ಬೇರೆ ಬೇರೆ ರೋಗ.

ಮೊದಲು ಆ 55.2. 1 ಸ್ಕ್ವೇರ್ ತಾಮ್ರ ಮೀಟರ್‌ಗೆ ಸುಮಾರು 0.018 ಓಂ. ಹೋಗಿ ಬರೋ 80 ಮೀಟರ್‌ಗೆ 1.4 ಚಿಲ್ಲರೆ ಓಂ. ಪಿಟಿ100 ಡಿಗ್ರಿಗೆ 0.385 ಓಂ ಏರೋದು, ಹಾಗಾಗಿ ವೈರ್ ಒಂದೇ 3.7 ಡಿಗ್ರಿ ಸೇರಿಸ್ತಿದೆ. ಮೂರನೇ ವೈರ್ ಇರೋದೇ ಇದನ್ನ ಕಳೆಯೋಕೆ. ಅದು ಸೆನ್ಸರ್ ಹೆಡ್ ತನಕ ಹೋಗ್ಬೇಕು. ಪ್ಯಾನಲ್‌ನಲ್ಲೇ ಲಿಂಕ್ ಹಾಕಿದ್ರೆ ಮಾಡ್ಯೂಲ್ ಆ ಗೇಣುದ್ದ ತುಂಡನ್ನ ಮಾತ್ರ ಕಳೆಯುತ್ತೆ.

ಇನ್ನು ಕುಣಿತ. ಇಂಥ ಮಾಡ್ಯೂಲ್‌ಗಳು ಸೆನ್ಸರ್‌ಗೆ ಬಿಡೋ ಕರೆಂಟ್ ಸಾಮಾನ್ಯವಾಗಿ 1 ಮಿಲಿಆಂಪ್ ಅಥವಾ ಅದಕ್ಕೂ ಕಡಿಮೆ. ಅಂದ್ರೆ ಒಂದು ಡಿಗ್ರಿಗೆ 0.385 ಮಿಲಿವೋಲ್ಟ್. ಪಕ್ಕದಲ್ಲೇ ಸೆಕೆಂಡ್‌ಗೆ ಸಾವಿರಾರು ಸಲ ಸ್ವಿಚ್ ಆಗೋ ಮೋಟಾರ್ ಕೇಬಲ್. ಸಂತೆ ಮಧ್ಯೆ ಪಿಸುಗುಟ್ಟಿದ ಹಾಗೆ. 5 ಮಿಲಿವೋಲ್ಟ್ ಗದ್ದಲ ಒಳಗೆ ಬಂದ್ರೂ 13 ಡಿಗ್ರಿ ಅಂತ ಕಾಣುತ್ತೆ. ಶೀಲ್ಡ್ ಎರಡೂ ಕಡೆ ಅರ್ಥ್ ಆಗಿರೋದ್ರಿಂದ ಡಕ್ಟ್‌ಗೂ ಪ್ಯಾನಲ್‌ಗೂ ಇರೋ ವ್ಯತ್ಯಾಸದ ಕರೆಂಟ್ ಶೀಲ್ಡ್ ಮೇಲೇ ಓಡಾಡ್ತಿದೆ.

ಹಾರಂಗಿ ದಂಡೆ

ಸರ್, ಮಧ್ಯೆ ಬಾಯಿ ಹಾಕ್ತೀನಿ. ವೈರ್ 3.7 ಸೇರಿಸ್ತಿದ್ರೆ ಹಳೇ ಸೆನ್ಸರ್ ಅದೇ ಕೇಬಲ್‌ನಲ್ಲಿ ಸರಿಯಾಗಿ ಹೇಗೆ ತೋರಿಸ್ತಿತ್ತು?

ಕೂಡಿಗೆ ವೈರ್‌ಮನ್

ನನಗೂ ಅದೇ ಕೊರೀತಿತ್ತು. ಹಳೇ ಸೆನ್ಸರ್ ಬಿಸಾಡಿಲ್ಲ ಅಂದ್ಕೊಂಡಿದೀನಿ. ಅದರ ಹೆಡ್ ಬಿಚ್ಚಿ ನೋಡಿ, ತೇವ ಇರ್ಬೇಕು. ಎರಡು ಟರ್ಮಿನಲ್ ಮಧ್ಯೆ ತೇವದಿಂದ 10 ಕಿಲೋಓಂ ಲೀಕೇಜ್ ಇದ್ರೆ ಅದು 120 ಓಂಗೆ ಪ್ಯಾರಲಲ್ ಆಗಿ 1.4 ಓಂ ಕಡಿಮೆ ಮಾಡುತ್ತೆ. ಅದೂ 3.7 ಡಿಗ್ರಿ, ಆದರೆ ಕೆಳಕ್ಕೆ. ಸೀರೀಸ್‌ನಲ್ಲಿ ಸೇರಿದ ರೆಸಿಸ್ಟೆನ್ಸ್ ರೀಡಿಂಗ್ ಏರಿಸುತ್ತೆ, ಪ್ಯಾರಲಲ್ ಲೀಕೇಜ್ ಇಳಿಸುತ್ತೆ. ಎರಡು ತಪ್ಪು ಒಂದನ್ನೊಂದು ಹೊಡೆದುಹಾಕಿ ಸರಿ ಇದ್ದ ಹಾಗೆ ಕಂಡಿದೆ, ಅಷ್ಟೇ ಅಂತ ನನ್ನ ಊಹೆ. ಮಲ್ಟಿಮೀಟರ್‌ನ 200 ಓಂ ರೇಂಜ್‌ನಲ್ಲಿ ಒದ್ದೆ ಇರುವಾಗ ಒಮ್ಮೆ, ಒಣಗಿಸಿ ಆರಿದ ಮೇಲೆ ಒಮ್ಮೆ ಅಳೆಯಿರಿ. ಅದೇ ಮೀಟರ್, ಅದೇ ಪ್ರೋಬ್, ಅದೇ ಕೋಣೆ.

ಇವತ್ತು ರಾತ್ರಿಗೆ: ಮೂರು ಕೋರ್ ಶೀಲ್ಡೆಡ್ ಕೇಬಲ್ ಸಿಕ್ಕಿದ್ರೆ ಟ್ರೇ ಬಿಟ್ಟು ಕಿಟಕಿಯಿಂದ ನೆಲದ ಮೇಲೇ ಎಳೆಯಿರಿ, ಚೆಂದ ಆಮೇಲೆ ನೋಡೋಣ. ಮೋಟಾರ್ ಕೇಬಲ್‌ನಿಂದ ಕನಿಷ್ಠ ಒಂದಡಿ ದೂರ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ. ಶೀಲ್ಡ್ ಪ್ಯಾನಲ್ ಕಡೆ ಮಾತ್ರ ಅರ್ಥ್, ಹೆಡ್ ಕಡೆ ಕತ್ತರಿಸಿ ಟೇಪ್ ಸುತ್ತಿ.

ಕಣದಮನೆ, ಸೋಮವಾರಪೇಟೆ

ಸರ್, ಹೆಡ್ ಬಿಚ್ಚಿದ್ರೆ ಮುಚ್ಚಳದ ಒಳಗೆ ನೀರು ಕಟ್ಟಿದೆ, ಸ್ಕ್ರೂ ಮೇಲೆ ಹಸಿರು ಪಾಚಿ ಬಣ್ಣ. ಗ್ಲ್ಯಾಂಡ್ (ಕೇಬಲ್ ಒಳಗೆ ಹೋಗೋ ಬಾಯಿ) ಆಕಾಶ ನೋಡ್ಕೊಂಡು ಕೂತಿದೆ! ಒದ್ದೆಯಲ್ಲಿ 107.3 ಓಂ ಬಂತು. ಒಣಗಿಸಿ ಆರಿಸಿಟ್ಟ ಮೇಲೆ 108.5.

ಹೊಸ ಸೆನ್ಸರ್‌ಗೆ ಮೂರು ಕೋರ್ ಎಳೆದೆ, ಹೆಡ್‌ನಲ್ಲಿ ಗ್ಲ್ಯಾಂಡ್ ಕೆಳಮುಖ ಮಾಡಿ ಕೇಬಲ್‌ಗೆ ಒಂದು ಜೋಲು ಬಿಟ್ಟಿದೀನಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಬ್ಲೋವರ್ 45 ಹರ್ಟ್ಸ್‌ನಲ್ಲಿ ರೀಡಿಂಗ್ ಅರ್ಧ ಡಿಗ್ರಿ ಒಳಗೇ ಆಡ್ತಿದೆ, ಥರ್ಮಾಮೀಟರ್‌ಗೂ ತಾಳೆ. ಡ್ರಮ್ ತಿರುಗ್ತಿದೆ, ಟ್ರಿಪ್ 60ರಲ್ಲೇ ಇದೆ.

ಗೋಣಿಕೊಪ್ಪ24ವಿ

ಒಳ್ಳೇದಾಯ್ತು. ಹೆಡ್ ಒಳಗೇ ಟ್ರಾನ್ಸ್‌ಮಿಟರ್ (ರೀಡಿಂಗ್‌ನ ಕರೆಂಟ್ ಸಿಗ್ನಲ್ ಮಾಡಿ ಕಳಿಸೋದು) ಕೂರಿಸಿ 4-20 ಮಿಲಿಆಂಪ್ ತಂದಿದ್ರೆ ಈ ಮೂರು ವೈರ್ ತಾಪತ್ರಯವೇ ಇರ್ತಿರಲಿಲ್ಲ ಅಲ್ವಾ ಸರ್?

ಕೂಡಿಗೆ ವೈರ್‌ಮನ್

ವೈರ್ ಉದ್ದದ ತಪ್ಪು ಹೋಗುತ್ತೆ, ಗದ್ದಲವೂ ತುಂಬಾ ಕಡಿಮೆ ಆಗುತ್ತೆ. ಆದರೆ ಆರ್‌ಟಿಡಿ ಮಾಡ್ಯೂಲ್ ಬದಲು ಅನಲಾಗ್ ಇನ್‌ಪುಟ್ ಬೇಕು, ಪ್ರೋಗ್ರಾಂನಲ್ಲಿ ಸ್ಕೇಲಿಂಗ್ ಬದಲಿಸ್ಬೇಕು. ಹೆಡ್‌ನಲ್ಲಿ ನೀರು ನಿಂತ್ರೆ ಅದೂ ಸುಳ್ಳೇ ಹೇಳೋದು. ಸೀಸನ್ ಮಧ್ಯೆ ಬೇಡ.

ಕಣದಮನೆಯವರೇ, ಇನ್ನು ಎರಡು ಮಾತು. ಮಾಡ್ಯೂಲ್ ಸೆಟ್ಟಿಂಗ್‌ನಲ್ಲಿ ಕರೆಂಟ್ ಲೈನಿನ ಗದ್ದಲ ತಡೆಯೋ ಫಿಲ್ಟರ್ ನಮ್ಮ ಲೈನಿನ 50 ಹರ್ಟ್ಸ್‌ಗಿದೆಯಾ ನೋಡಿ, ಕೆಲವು 60ರಲ್ಲಿ ಬಂದಿರುತ್ತವೆ. ಪರ್ಮನೆಂಟ್ ಕೇಬಲ್ ಎಳೆದ ಮೇಲೆ ಶೀಲ್ಡ್ ಚೆಕ್ ಮಾಡುವಾಗ ಮೊದಲು ಪ್ಯಾನಲ್ ಕಡೆಯ ಅರ್ಥ್ ಬಿಚ್ಚಿ, ಆಮೇಲೆ ಶೀಲ್ಡ್‌ಗೂ ಡಕ್ಟ್‌ಗೂ ಮೀಟರ್ ಇಡಿ. ಓಪನ್ ತೋರಿಸ್ಬೇಕು. ಬಿಚ್ಚದೆ ಅಳೆದ್ರೆ ಡಕ್ಟ್‌ನ ಅರ್ಥಿಂಗ್ ಮೂಲಕ ಸುತ್ತಿ ಬಂದು ಬೀಪ್ ಹೊಡೆಯುತ್ತೆ.

ಕಣದಮನೆ, ಸೋಮವಾರಪೇಟೆ

ಫಿಲ್ಟರ್ 60ರಲ್ಲೇ ಇತ್ತು ಸರ್, ಬದಲಿಸಿದೆ. ಪರ್ಮನೆಂಟ್ ಕೇಬಲ್‌ಗೆ ಬೇರೆ ಪೈಪ್ ಹಾಕಿಸ್ತಿದೀನಿ, ಮೋಟಾರ್ ಟ್ರೇ ಹತ್ರಕ್ಕೂ ತರಲ್ಲ.