‘ಗೊಕುಸೆನ್’ನ ಟಾಕೊಯಾಕಿ ಗಾಡಿ ಮತ್ತು ಯಾಕುಜಾಗಳ ಮೂಲ

ಮಳೆಹುಳ:
2002ರ ಜಪಾನಿ ಟಿವಿ ಧಾರಾವಾಹಿ ‘ಗೊಕುಸೆನ್’ನ ಮೊದಲ ಸೀಸನ್ ನೋಡಿ ಮುಗಿಸಿದೆ. 3-ಡಿ ತರಗತಿಯ ಪುಂಡ ಹುಡುಗರಿಗೆ ಗಣಿತ ಹೇಳಿಕೊಡುವ ಯಾಂಕುಮಿ, ಮನೆಗೆ ಹೋದರೆ ಯಾಕುಜಾ (ಜಪಾನಿನ ಭೂಗತ ಗುಂಪು) ಯಜಮಾನನ ಮೊಮ್ಮಗಳು. ಅಲ್ಲಿಗೆ ಸರಿ. ಆದರೆ ಆ ಮನೆಯ ಆಳುಗಳಾದ ತೆತ್ಸು, ಮಿನೊರು ಬೀದಿಯಲ್ಲಿ ಟಾಕೊಯಾಕಿ (ಆಕ್ಟೋಪಸ್ ತುಂಡು ಹಾಕಿದ ಹಿಟ್ಟಿನ ಉಂಡೆ) ಮಾರುವುದು ಬರೀ ನಗಿಸೋಕೆ ಇಟ್ಟದ್ದಾ? ಯಾಕುಜಾಗಳು ಒಡೆಯನಿಲ್ಲದ ಸಮುರಾಯ್‌ಗಳ ಸಂತತಿ ಅಂತಲೂ ಓದಿದ್ದೇನೆ. ಎಷ್ಟು ನಿಜ?

ಸಂತೆಪೇಟೆ:
ನಗಿಸೋಕೆ ಮಾತ್ರ ಅಲ್ಲ. ಯಾಕುಜಾಗಳಿಗೆ ಎರಡು ಹಳೆಯ ಬೇರುಗಳಿವೆ: ‘ತೆಕಿಯಾ’ ಅಂದರೆ ಜಾತ್ರೆ ವ್ಯಾಪಾರಿಗಳು, ‘ಬಕುತೊ’ ಅಂದರೆ ಜೂಜುಕೋರರು. ಟಾಕೊಯಾಕಿ ಗಾಡಿ ನೇರವಾಗಿ ತೆಕಿಯಾ ಕಡೆಯದು. ದೇವಸ್ಥಾನದ ಉತ್ಸವದಲ್ಲಿ ಯಾರ ಅಂಗಡಿ ಎಲ್ಲಿ ಕೂರಬೇಕು, ಜಾಗಕ್ಕೆ ಎಷ್ಟು ಕೊಡಬೇಕು ಅಂತ ತೀರ್ಮಾನ ಮಾಡುತ್ತಿದ್ದವನು ಅಲ್ಲಿನ ತೆಕಿಯಾ ಯಜಮಾನ. ಅವನ ಹಿಡಿತದ ಜಾಗಕ್ಕೆ ‘ನಿವಾಬಾ’ ಅಂತ ಹೆಸರು. ಇವರು ಪೂಜಿಸುವ ದೇವರು ಶಿನ್ನೊ, ಚೀನಾದಿಂದ ಬಂದ ಔಷಧಿಗಳ ದೇವರು. ತೆಕಿಯಾಗಳಲ್ಲಿ ಹಲವರು ಮೊದಲು ಊರೂರು ತಿರುಗಿ ಔಷಧಿ ಮಾರುತ್ತಿದ್ದರು, ಅದರ ಗುರುತು ಇದು. ಹಾಗಂತ ಇವತ್ತು ಜಾತ್ರೆಯಲ್ಲಿ ಟಾಕೊಯಾಕಿ ಮಾರುವವರನ್ನೆಲ್ಲ ಯಾಕುಜಾ ಅನ್ನಬೇಡಿ, ಅದು ಅನ್ಯಾಯ.

ಬಿಡಿಸ್ಥಾನ:
‘ಯಾಕುಜಾ’ ಅನ್ನುವ ಹೆಸರು ಬಂದದ್ದು ಮಾತ್ರ ಜೂಜಿನಿಂದ. ‘ಓಇಚೊ-ಕಾಬು’ ಎಂಬ ಇಸ್ಪೀಟಿನಂಥ ಆಟದಲ್ಲಿ ಎಲೆಗಳನ್ನು ಕೂಡಿಸಿ ಬಿಡಿಸ್ಥಾನದ ಅಂಕಿ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. 9 ಬಂದರೆ ಅತಿ ಮೇಲು. ಕೈಯಲ್ಲಿ 8 ಮತ್ತು 9 ಇದ್ದರೆ ಮೊತ್ತ 17, ಅಂದರೆ 7, ಒಳ್ಳೆಯ ಕೈಯೇ. ಆಸೆಬಿದ್ದು ಮೂರನೆಯ ಎಲೆ ಎಳೆದು 3 ಬಂತೋ, ಮೊತ್ತ 20, ಕೈಗೆ ಸೊನ್ನೆ. ಯಾ-ಕು-ಸಾ, 8-9-3: ಉಪಯೋಗಕ್ಕೆ ಬಾರದ ಕೈ, ಆಮೇಲೆ ಉಪಯೋಗಕ್ಕೆ ಬಾರದ ಮನುಷ್ಯ.

ಸಮುರಾಯ್ ಕಥೆಗೆ ಬರೋಣ. 17ನೇ ಶತಮಾನದ ಎದೊದಲ್ಲಿ (ಈಗಿನ ಟೋಕಿಯೊ) ‘ಕಬುಕಿಮೊನೊ’ ಎಂಬ ಪುಂಡ ಸಮುರಾಯ್‌ಗಳೂ, ಅವರನ್ನು ಎದುರಿಸಿದ ಪಟ್ಟಣಿಗರ ‘ಮಾಚಿ-ಯಾಕ್ಕೊ’ ಗುಂಪುಗಳೂ ಇದ್ದದ್ದು ನಿಜ. ಆದರೆ ಆಗ ದೇಶ ಆಳುತ್ತಿದ್ದ ಸೇನಾಧಿಪತಿ ಶೋಗುನ್‌ನ ಸರ್ಕಾರ ಆ ಶತಮಾನ ಮುಗಿಯುವುದರೊಳಗೆ ಇಬ್ಬರನ್ನೂ ಅಡಗಿಸಿತು. ಅವರಿಂದ ಇಂದಿನ ಗುಂಪುಗಳವರೆಗೆ ಕಡಿಯದ ಎಳೆಯೊಂದು ಸಿಗುವುದಿಲ್ಲ. ಬಡವರ ಕಾವಲುಗಾರರ ವಂಶ ನಮ್ಮದು ಅನ್ನುವುದು ಯಾಕುಜಾಗಳೇ ಇಷ್ಟಪಟ್ಟು ಹೇಳಿಕೊಂಡ ಮಾತು.

ಇಂಥ ಗುಂಪುಗಳು ಬೆಳೆದ ನಿಜವಾದ ಕಾರಣ ಊರಿನವರ ಹೆಸರು ಬರೆದಿಡುವ ದಾಖಲೆ ಪುಸ್ತಕದಲ್ಲಿದೆ. ಒಬ್ಬ ತಪ್ಪು ಮಾಡಿದರೆ ಮನೆಯವರೂ ಶಿಕ್ಷೆ ಅನುಭವಿಸಬೇಕಿತ್ತು. ಅದಕ್ಕೆ ಹೆದರಿ ದಾರಿ ತಪ್ಪಿದ ಮಗನ ಹೆಸರನ್ನು ಮನೆಯವರೇ ದಾಖಲೆಯಿಂದ ತೆಗೆಸುತ್ತಿದ್ದರು. ಹಾಗೆ ಹೊರಬಿದ್ದವನು ‘ಮುಶುಕು’. ಇಂಥವರಿಗೆ ಜೂಜಿನ ಯಜಮಾನನ ಮನೆಯೇ ಆಸರೆ. ಎದೊ ಸುತ್ತಲಿನ ಕಾಂತೊ ಸೀಮೆಯಲ್ಲಿ ಅಕ್ಕಪಕ್ಕದ ಹಳ್ಳಿಗಳಿಗೆ ಬೇರೆ ಬೇರೆ ಒಡೆಯರು, ಗಡಿ ದಾಟಿದರೆ ಹಿಡಿಯುವವರಿಲ್ಲ. ಅದಕ್ಕೇ 1805ರಲ್ಲಿ ಎಲ್ಲ ಗಡಿ ದಾಟಿ ಹೋಗಬಲ್ಲ ವಿಶೇಷ ಅಧಿಕಾರಿಗಳನ್ನು ನೇಮಿಸಿದರು. ಅವರಿಗೂ ಸುಳಿವು ಕೊಡಲು ಜೂಜುಕೋರರೇ ಬೇಕಾದರು! ಎರಡೂ ಕಡೆ ಇದ್ದವನಿಗೆ ‘ಎರಡು ಜೊತೆ ಹುಲ್ಲಿನ ಚಪ್ಪಲಿ ಮೆಟ್ಟಿದವನು’ ಅನ್ನುವ ಮಾತು ಜಪಾನಿನಲ್ಲಿ ಇಂದಿಗೂ ಇದೆ. ರೇಷ್ಮೆ ದುಡ್ಡು ಓಡಾಡುತ್ತಿದ್ದ ಈಗಿನ ಗುನ್ಮಾ ಕಡೆಯ ಕುನಿಸಾದಾ ಚೂಜಿ ಇಂಥ ಬಕುತೊಗಳಲ್ಲೇ ಹೆಸರಾದವನು. 1851ರ ಜನವರಿಯಲ್ಲಿ ಅವನನ್ನು ಕಂಬಕ್ಕೆ ಕಟ್ಟಿ ಈಟಿಯಿಂದ ಇರಿದು ಕೊಂದರು.

ಮಳೆಹುಳ:
ಇಬ್ಬರಿಗೂ ಧನ್ಯವಾದ. ಯಾಂಕುಮಿ ಮನೆಯ ಹೆಸರು ‘ಓಎದೊ ಇಕ್ಕಾ’. ಇದರಲ್ಲಿ ‘ಇಕ್ಕಾ’ ಅಂದರೆ? ರಕ್ತಸಂಬಂಧ ಇಲ್ಲದವರು ಹೇಗೆ ಅಣ್ಣತಮ್ಮ ಆಗುತ್ತಾರೆ?

ಸಂತೆಪೇಟೆ:
‘ಒಂದು ಮನೆ’ ಅಂತ ಅರ್ಥ. ಸಂಬಂಧ ಕೂಡುವುದು ಸಾಕೆ (ಅಕ್ಕಿಯ ಮದ್ಯ) ಬಟ್ಟಲಿನಲ್ಲಿ. ದೇವರ ಪೀಠದ ಮುಂದೆ ಉಪ್ಪು, ಮೀನು ಇಟ್ಟು, ಯಜಮಾನ ಅಂದರೆ ‘ಓಯಾಬುನ್’ ಒಂದಿಷ್ಟು ಕುಡಿದು ಬಟ್ಟಲು ಕೊಡುತ್ತಾನೆ. ಮಗನಾಗುವ ‘ಕೋಬುನ್’ ಉಳಿದದ್ದನ್ನು ಪೂರ್ತಿ ಕುಡಿದು, ಬಟ್ಟಲನ್ನು ಕಾಗದದಲ್ಲಿ ಸುತ್ತಿ ಎದೆಯೊಳಗೆ ಇಟ್ಟುಕೊಳ್ಳುತ್ತಾನೆ. ಸೋದರರಾಗುವವರು ಕುಡಿಯುವ ಪಾಲು ಸಮಾನರಾದರೆ 5-5, ಅಣ್ಣ ತಮ್ಮ ಅಂತ ಅಂತರವಿದ್ದರೆ 6-4 ಅಥವಾ 7-3.

ಬಿಡಿಸ್ಥಾನ:
ಒಂದು ಸೇರಿಸುತ್ತೇನೆ. ಧಾರಾವಾಹಿಯ ಅಜ್ಜನ ಮನೆ ಬಲು ಅಕ್ಕರೆಯದಾಗಿ ಕಾಣುತ್ತದೆ, ಕಥೆಗೆ ಅದು ಬೇಕು. ಹೊರಗಿನ ಲೋಕ ಹಾಗಿರಲಿಲ್ಲ. ಸುಲಿಗೆ, ಮೀಟರ್ ಬಡ್ಡಿ, ಅಂಗಡಿಯವರಿಂದ ‘ಮಿಕಾಜಿಮೆ’ ಹೆಸರಿನ ವಸೂಲಿ ಇದ್ದದ್ದರಿಂದಲೇ 1992ರಲ್ಲಿ ಗುಂಪುಗಳನ್ನು ಹೆಸರಿಸಿ ಹತೋಟಿಗೆ ತರುವ ಕಾನೂನು ಜಾರಿಯಾಯಿತು. 2011ರ ಹೊತ್ತಿಗೆ 47 ಪ್ರಾಂತಗಳಲ್ಲೂ ಅವರೊಂದಿಗೆ ವ್ಯವಹಾರ ಮಾಡುವ ಅಂಗಡಿ, ಕಂಪನಿಗಳ ಮೇಲೂ ಕ್ರಮ ಕೈಗೊಳ್ಳುವ ನಿಯಮ ಬಂತು. ಈಗ ಗುಂಪಿನವರಿಗೆ ಬ್ಯಾಂಕ್ ಖಾತೆ ತೆರೆಯುವುದೇ ಕಷ್ಟ. ಎಷ್ಟೋ ಉತ್ಸವಗಳಲ್ಲಿ ಅಂಗಡಿ ಹಾಕಬೇಕಾದರೆ ‘ಯಾವ ಗುಂಪಿಗೂ ಸೇರಿದವನಲ್ಲ’ ಎಂದು ಬರೆದು ಸಹಿ ಹಾಕಬೇಕು. ತೆತ್ಸು, ಮಿನೊರು ಇಂದು ಅಲ್ಲಿಗೆ ಹೋಗಿದ್ದರೆ ಆ ಕಾಗದದ ಹತ್ತಿರವೇ ನಿಲ್ಲಬೇಕಾಗುತ್ತಿತ್ತು.