ಪದಚರ್ಚೆ: ‘ಅಂತಿಮ ಪಂದ್ಯ’ ಎಂದರೆ ಫೈನಲ್ಲೋ, ಕೊನೆಯ ಮ್ಯಾಚೋ?

ಗೆಳೆಯರೇ,

ಹಲಸೂರಿನ ನಮ್ಮ ಫುಟ್‌ಬಾಲ್ ಹುಡುಗರು ಕ್ಲಬ್ಬಿನ ಗೋಡೆಗೆ ವಿಶ್ವಕಪ್ಪಿನ ಪಟ್ಟಿಯೊಂದನ್ನು ಕನ್ನಡದಲ್ಲಿ ಬರೆದುಕೊಡಿ ಅಂದರು. ಯಾವ ವರ್ಷ ಎಷ್ಟು ತಂಡ, ಹೇಗೆ ಆಡಿಸಿದರು, ಯಾರು ಗೆದ್ದರು, ಅಷ್ಟೇ. ಒಂದು ಸಂಜೆಯ ಕೆಲಸ ಅಂದುಕೊಂಡು ಕೂತವನು 1950ರಲ್ಲಿ ಸಿಕ್ಕಿಹಾಕಿಕೊಂಡೆ.

ನಾನು ಬರೆದದ್ದು: ‘ಅಂತಿಮ ಪಂದ್ಯದಲ್ಲಿ ಉರುಗ್ವೆ 2–1ರಿಂದ ಬ್ರೆಜಿಲ್ ತಂಡವನ್ನು ಸೋಲಿಸಿತು.’ ಓದಿದ ಹುಡುಗನೊಬ್ಬ ‘ಅಂಕಲ್, ಆ ಸಲ ಫೈನಲ್ಲೇ ಇರ್ಲಿಲ್ಲ’ ಅಂದ. ಅವನು ಗೌತಮಪುರದವನು. ಪೆಲೆಗೆ ಪ್ರತಿಮೆ ನಿಲ್ಲಿಸಿದ ಬಡಾವಣೆಯವರ ಜೊತೆ ಬ್ರೆಜಿಲ್ ವಿಷಯಕ್ಕೆ ವಾದಕ್ಕಿಳಿಯುವುದು ನನ್ನ ಕೈಲಾಗದ ಕೆಲಸ.

ಅವನು ಹೇಳಿದ್ದೇ ಸರಿ. ಆ ವರ್ಷ ನಾಲ್ಕು ಗುಂಪುಗಳಲ್ಲಿ ಮೊದಲು ಬಂದ ನಾಲ್ವರನ್ನು ಸೇರಿಸಿ ಇನ್ನೊಂದು ಗುಂಪು ಮಾಡಿದರು. ಎಲ್ಲರೂ ಎಲ್ಲರ ಮೇಲೆ ಆಡುವುದು, ಹೆಚ್ಚು ಅಂಕ ಬಂದವರಿಗೆ ಕಪ್. ಗೆಲುವಿಗೆ ಆಗ ಎರಡೇ ಅಂಕ. ಜುಲೈ 16ರಂದು ಮರಕಾನಾದಲ್ಲಿ ಕಣಕ್ಕಿಳಿದಾಗ ಬ್ರೆಜಿಲ್‌ಗೆ 4, ಉರುಗ್ವೆಗೆ 3. ಡ್ರಾ ಮಾಡಿಕೊಂಡಿದ್ದರೂ ಕಪ್ ಬ್ರೆಜಿಲ್‌ನದೇ. ಒಂದು ತಂಡಕ್ಕೆ ಡ್ರಾ ಸಾಕು ಅನ್ನುವಂಥದ್ದನ್ನು ಫೈನಲ್ ಅನ್ನಲಾದೀತೇ? ಸರಿ, ‘ಕೊನೆಯ ಪಂದ್ಯ’ ಎಂದು ತಿದ್ದೋಣವೆಂದರೆ ಅದೇ ದಿನ ಸಾವೊ ಪಾಲೊದಲ್ಲಿ ಸ್ವೀಡನ್ ಮತ್ತು ಸ್ಪೇನ್ ಕೂಡ ಆಡಿವೆ. ಕೊನೆ ಎನ್ನುವುದಕ್ಕೂ ಇಬ್ಬರು ಪಾಲುದಾರರು.

ಅಲ್ಲಿಂದ ‘ಅಂತಿಮ’ದ ಬೆನ್ನು ಹತ್ತಿದೆ. ಮೆಜೆಸ್ಟಿಕ್ಕಿನಲ್ಲಿ ನಾವು ಓಡುವುದು ಕೊನೆಯ ಬಸ್ಸಿಗೆ. ‘ಅಂತಿಮ ಬಸ್ಸು’ ಅಂದರೆ ನೆನಪಾಗುವ ವಾಹನವೇ ಬೇರೆ. ಮತದಾರರ ‘ಅಂತಿಮ ಪಟ್ಟಿ’ ಎಂದರೆ ಇನ್ನು ಬದಲಾಗದ ಪಟ್ಟಿ; ಅಲ್ಲಿ ತೀರ್ಮಾನದ ಭಾರವಿದೆ. ಕ್ರಿಕೆಟ್ ಪುಟಕ್ಕೆ ಬಂದರೆ ‘ಐದನೇ ಹಾಗೂ ಅಂತಿಮ ಟೆಸ್ಟ್’. ಸರಣಿ ಎಂದೋ ಕೈತಪ್ಪಿದ್ದರೂ ಅದು ಅಂತಿಮವೇ, ಯಾಕೆಂದರೆ ಅದರ ಮುಂದೆ ಇನ್ನೊಂದಿಲ್ಲ. ಮರಕಾನಾದ ಪಂದ್ಯ ಈ ಟೆಸ್ಟ್‌ನ ಜಾತಿಯದು, ಅಂಕಗಳ ಲೆಕ್ಕದಿಂದಾಗಿ ಫೈನಲ್ಲಿನ ವೇಷ ಹಾಕಿತು ಅಷ್ಟೆ. ಪಟ್ಟಿಯಲ್ಲಿ ಈಗ 1950ಕ್ಕೆ ಮಾತ್ರ ‘ನಿರ್ಣಾಯಕ ಪಂದ್ಯ’, ಉಳಿದ ವರ್ಷಗಳಿಗೆ ‘ಫೈನಲ್’ ಎಂದಿದೆ. ‘ಅಂತಿಮ’ವನ್ನು ಪೂರ್ತಿ ಕೈಬಿಟ್ಟೆ. ಇದು ಅತಿಯಾಯಿತೇ, ಹೇಳಿ.

ಎರಡನೆಯ ತೊಡಕು ‘ಸುತ್ತು’. 1930ರ ಮೊದಲ ಸುತ್ತು ಎಂದರೆ ಗುಂಪಿನ ಆಟ. 1934ರದ್ದು ಸೋತರೆ ಮನೆಗೆ. ಹಡಗು ಹತ್ತಿ ಇಟಲಿಗೆ ಬಂದ ಬ್ರೆಜಿಲ್, ಅರ್ಜೆಂಟೀನಾ ಎರಡೂ ಒಂದೊಂದೇ ಪಂದ್ಯ ಆಡಿ ಹಿಂದಿರುಗಿದವು. ‘ಎರಡನೇ ಸುತ್ತು’ ಇನ್ನೂ ಚಂಚಲ. 1974 ಮತ್ತು 1978ರಲ್ಲಿ ಅದು ನಾಲ್ಕು ತಂಡಗಳ ಎರಡು ಗುಂಪು. ಗುಂಪು ಗೆದ್ದವರು ನೇರ ಫೈನಲ್‌ಗೆ, ಸೆಮಿಫೈನಲ್ ಎಂಬುದೇ ಇಲ್ಲ. 1982ರಲ್ಲಿ ತಂಡಗಳು 24 ಆದವು, ಎರಡನೇ ಸುತ್ತೆಂದರೆ ಮೂರು ತಂಡಗಳ ನಾಲ್ಕು ಗುಂಪು. 1986ಕ್ಕೆ ಅದೇ ಹೆಸರಿನಲ್ಲಿ 16 ತಂಡಗಳ ನಾಕೌಟ್. ಹನ್ನೆರಡು ವರ್ಷ, ಒಂದು ಪದ, ಮೂರು ಅರ್ಥ.

ನನ್ನ ಸಲಹೆ ಹೀಗಿದೆ. ಎಲ್ಲರೂ ಎಲ್ಲರನ್ನೂ ಎದುರಿಸುವ ಕಡೆ ‘ಸುತ್ತು’ ಇರಲಿ, ಅಲ್ಲಿ ನಿಜಕ್ಕೂ ಸುತ್ತಿ ಬರುವುದಿದೆ. ಸೋತವರು ಉದುರುವ ಕಡೆ ‘ಘಟ್ಟ’. ಆಗುಂಬೆ ಹತ್ತಿದವರಿಗೆ ಗೊತ್ತು, ಘಟ್ಟದಲ್ಲಿ ಹಿಂದೆ ಬಿದ್ದ ಗಾಡಿಯನ್ನು ಯಾರೂ ಕಾಯುವುದಿಲ್ಲ. ನಮ್ಮ ಪತ್ರಿಕೆಗಳು ‘ಎಂಟರ ಘಟ್ಟ’, ‘ನಾಲ್ಕರ ಘಟ್ಟ’ ಎಂದು ಬರೆದು ಪದವನ್ನು ಆಗಲೇ ಪಳಗಿಸಿವೆ. ಆದರೆ 1954 ನನ್ನ ಸೂತ್ರಕ್ಕೆ ಬಗ್ಗುವುದಿಲ್ಲ. ಆಗ ಪ್ರತಿ ಗುಂಪಿನಲ್ಲಿ ಇಬ್ಬರು ಬಲಿಷ್ಠರು, ಇಬ್ಬರು ಉಳಿದವರು. ಬಲಿಷ್ಠರು ತಮ್ಮತಮ್ಮಲ್ಲಿ ಆಡುವಂತಿರಲಿಲ್ಲ. ಗುಂಪು ಇದೆ, ಸುತ್ತಿಲ್ಲ!

ಒಂದು ಅಡ್ಡಮಾತು. 1938ರಲ್ಲಿ ಆಸ್ಟ್ರಿಯಾವನ್ನು ಜರ್ಮನಿ ನುಂಗಿಹಾಕಿದ್ದರಿಂದ 15 ತಂಡ ಉಳಿದು, ಸ್ವೀಡನ್ ಮೊದಲ ಪಂದ್ಯ ಆಡದೆಯೇ ಮುಂದೆ ಹೋಯಿತು. ‘ಸ್ವೀಡನ್‌ಗೆ ಬೈ’ ಎಂದು ಬರೆದಿದ್ದೆ. ನನ್ನ ಮನೆಯವಳು ಓದಿ, ‘ಪಾಪ, ಅವರೇನು ಮಾಡಿದ್ರು?’ ಅಂದಳು. ಇದಕ್ಕೊಂದು ಕನ್ನಡ ಪದ ಸೂಚಿಸಿದರೆ ಉಪಕಾರ.

ಇನ್ನು ಮುಖ್ಯ ಪ್ರಶ್ನೆ. 1998ರಿಂದ 2022ರವರೆಗೆ 32 ತಂಡ, ಗುಂಪು ಮುಗಿದರೆ 16. ಅದನ್ನು ‘ಪ್ರಿಕ್ವಾರ್ಟರ್ ಫೈನಲ್’ ಎಂದು ಸಾಗಿಸಿದೆವು. 2026ರ ಲೆಕ್ಕ ಬೇರೆ: 48 ತಂಡ, 12 ಗುಂಪು, ಪ್ರತಿ ಗುಂಪಿನ ಮೊದಲ ಇಬ್ಬರು ಮತ್ತು ಮೂರನೇ ಸ್ಥಾನದವರಲ್ಲಿ ಉತ್ತಮ ಎಂಟು. ಹದಿನಾರು ತಂಡ ಹೊರಬೀಳಲು 72 ಪಂದ್ಯ, ಆಮೇಲೆ 32 ತಂಡಗಳ ನಾಕೌಟ್. ಇದಕ್ಕೇನು ಹೆಸರು? ‘ಪ್ರಿ’ ಹಿಂದೆ ಇನ್ನೊಂದು ‘ಪ್ರಿ’ ಅಂಟಿಸಲು ನನಗೆ ಮನಸ್ಸಿಲ್ಲ. ‘ಮೂವತ್ತೆರಡರ ಘಟ್ಟ’ ಬಾಯಿಗೆ ಉದ್ದವಾದರೂ ಲೆಕ್ಕ ತಪ್ಪುವುದಿಲ್ಲ. ಮುಂದೆ ತಂಡಗಳು 64 ಆದರೂ ಆ ಹೆಸರು ಅಲುಗಾಡದು.

ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಭಾನುವಾರದೊಳಗೆ ತಿಳಿಸಿ. ಆಮೇಲೆ ಪೇಂಟರ್ ಬರುತ್ತಾನೆ, ಅವನ ಲೆಕ್ಕ ಅಕ್ಷರಕ್ಕಿಷ್ಟು.